ಆಶೀರ್ವಾದಕ್ಕೂ ನಿಲ್ಲದೆ ಹೋದ ಹುಡುಗ

ಕಾರವಾರದಲ್ಲಿ ಕಾಲೇಜು ವಿದ್ಯಾರ್ಥಿಗಳ ಚಾಪ್ಲಿನ್ (ಅವರ ಆಧ್ಯಾತ್ಮಿಕ ಹೊಣೆ ಹೊತ್ತ ಕ್ಯಾಥೋಲಿಕ್ ಗುರು) ಆಗಿ ಬಂದ ಮೊದಲ ವರ್ಷ ನಾನು ಪ್ರತಿ ಶುಕ್ರವಾರ ಸಂಜೆ ಕೊಂಕಣಿಯಲ್ಲಿ ಜಪಮಾಲೆ ಇಟ್ಟೆ. ನನ್ನ ಊರು ಹೊನ್ನಾವರದ ಕಡೆ. ಅಮ್ಮ ಕಲಿಸಿದ ಪ್ರಾರ್ಥನೆ ‘ಆಮ್ಚ್ಯಾ ಬಾಪಾ’ ಎಂದೇ ಶುರುವಾಗುತ್ತಿತ್ತು. ಬೇರೆ ಭಾಷೆಯಲ್ಲಿ ಮಂಡಿಯೂರಬಹುದು ಎಂಬ ಯೋಚನೆಯೇ ನನಗೆ ಬರಲಿಲ್ಲ. ಮೊದಲ ವಾರ ಮೂವತ್ತು ಮಕ್ಕಳು ಬಂದರು. ದಸರಾ ರಜೆ ಮುಗಿಯುವ ಹೊತ್ತಿಗೆ ಆರು ಮಂದಿ ಉಳಿದಿದ್ದರು.

ಭಾನುವಾರದ ಪೂಜೆಯಲ್ಲಿ ಒಬ್ಬ ಹುಡುಗ ಯಾವಾಗಲೂ ಬಾಗಿಲ ಬಳಿ ನಿಲ್ಲುತ್ತಿದ್ದ, ಕೊನೆಯ ಆಶೀರ್ವಾದಕ್ಕೆ ಮೊದಲೇ ಹೊರಟುಬಿಡುತ್ತಿದ್ದ. ಒಂದು ದಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ಯಲ್ಲಾಪುರ ತಾಲೂಕಿನ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಕುಟುಂಬದವನು. “ನಮ್ಮ ಮನೆಯಲ್ಲೂ ಕೊಂಕಣಿಯೇ ಫಾದರ್, ಆದರೆ ನಮ್ಮದು ಬೇರೆ ರೀತಿ. ನಾನು ಬಾಯಿ ತೆರೆದರೆ ಎಲ್ಲರೂ ತಿರುಗಿ ನೋಡುತ್ತಾರೆ” ಎಂದ. ಅಷ್ಟೇ ಹೇಳಿ ಬಸ್ ಹತ್ತಿದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

1962ರಿಂದ 65ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಲ್ಯಾಟಿನ್ ಪೂಜೆಯ ಜಾಗಕ್ಕೆ ಜನರ ನುಡಿ ಬರಲು ದಾರಿ ತೆರೆಯಿತು. ಅದು ದೊಡ್ಡ ವರ. ಆ ವರವನ್ನೇ ನಾವು ಬೇಲಿ ಮಾಡಿಕೊಂಡಿದ್ದೇವೆ ಎಂದು ನನಗೆ ಅನ್ನಿಸುತ್ತದೆ. ಕರಾವಳಿಯ ಧರ್ಮಕೇಂದ್ರಗಳಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ, ಏಕೆಂದರೆ ಅಲ್ಲಿ ಅಜ್ಜಿಯಿಂದ ಮೊಮ್ಮಗುವಿನವರೆಗೆ ಒಂದೇ ನುಡಿ. ಕಾಲೇಜಿನ ಗುಂಪು ಹಾಗಲ್ಲ. ಹಳಿಯಾಳ, ಮುಂಡಗೋಡದ ಕನ್ನಡದ ಮಕ್ಕಳು, ಕೇರಳದಿಂದ ನರ್ಸಿಂಗ್ ಓದಲು ಬಂದವರು, ಧಾರವಾಡದ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟೆಂಟ್ ಸಭೆಯ ಹುಡುಗಿ, ಅಂಕೋಲಾದ ಮೀನುಗಾರರ ಮಗ. ಇವರನ್ನು ನನ್ನ ಊರಿನ ಇಗರ್ಜಿಯ (ಚರ್ಚಿನ) ಅಚ್ಚಿಗೆ ಸುರಿಯಲು ಹೊರಟಿದ್ದೆ.

ಈಗ ನಮ್ಮ ಕೂಟ ಕನ್ನಡದಲ್ಲಿ ನಡೆಯುತ್ತದೆ. ಹಿರಿಯರಿಗೆ ಇದು ಹಿಡಿಸಲಿಲ್ಲ. ಮಕ್ಕಳ ಬಾಯಲ್ಲಿ ಕೊಂಕಣಿ ಸಾಯುತ್ತದೆ ಎಂಬ ಅವರ ಭಯ ನನ್ನದೂ ಹೌದು. ಆದರೆ ಆ ಭಾಷೆಯನ್ನು ಉಳಿಸಬೇಕಾದದ್ದು ಮನೆಯ ಒಲೆಯ ಮುಂದೆ. ಅದಕ್ಕಾಗಿ ಸಿದ್ದಿ ಹುಡುಗನೊಬ್ಬನನ್ನು ಬಾಗಿಲ ಬಳಿ ನಿಲ್ಲಿಸಲು ನಾನು ಒಪ್ಪುವುದಿಲ್ಲ. ನರ್ಸಿಂಗ್ ಹುಡುಗಿಯರು ವಾರ್ಡಿನಲ್ಲಿ “ಎಲ್ಲಿ ನೋವು, ಅಜ್ಜಿ?” ಎಂದು ಕೇಳಲು ಕಲಿತ ಕನ್ನಡದಲ್ಲೇ ಪ್ರಾರ್ಥಿಸುತ್ತಾರೆ. ತಪ್ಪುತ್ತಾರೆ, ಯಾರೋ ತಿದ್ದುತ್ತಾರೆ, ಮುಂದುವರಿಯುತ್ತಾರೆ. ಪ್ರಭು ಕಲಿಸಿದ ಪ್ರಾರ್ಥನೆಯನ್ನು ಮಾತ್ರ ಪ್ರತಿಯೊಬ್ಬರೂ ಒಟ್ಟಿಗೆ, ತಂತಮ್ಮ ಮನೆಯ ನುಡಿಯಲ್ಲಿ ಹೇಳುತ್ತೇವೆ. ಮೊದಲು ಗದ್ದಲ ಅನ್ನಿಸಿತು. ಈಗ ಆ ಅರ್ಧ ನಿಮಿಷಕ್ಕಾಗಿ ವಾರವಿಡೀ ಕಾಯುತ್ತೇನೆ.

ಕೂಟ ನಡೆಯುವುದು ಕಾಲೇಜಿನ ಆವರಣದಲ್ಲಲ್ಲ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆ ಸಲ್ಲದು ಎಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ನಾನು ಅದನ್ನು ಮನಸಾರೆ ಗೌರವಿಸುತ್ತೇನೆ. ನಮಗೆ ಇಗರ್ಜಿಯ ಹಿಂದಿನ ಜಗಲಿ ಸಾಕು. ಮಳೆಗಾಲದಲ್ಲಿ ಇರಚಲು ಹೊಡೆದರೆ ಗೋಡೆಗೆ ಒತ್ತಿ ಕೂರುತ್ತೇವೆ.

ಒಂದು ನೋವನ್ನು ಮುಚ್ಚಿಡಲಾರೆ. ಸಿ.ಎಸ್.ಐ. ಹುಡುಗಿಗೆ ನಾನು ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿ, ಪರಮಪ್ರಸಾದ, ಕೊಡುವಂತಿಲ್ಲ. ನನ್ನ ಧರ್ಮಸಭೆಯ ಕಟ್ಟಳೆ ಅದು, ಅದಕ್ಕೆ ನಾನು ಬದ್ಧ. ಪೂಜೆಯಲ್ಲಿ ಅವಳು ಎದೆಗೆ ಕೈ ಮಡಚಿ ಬರುತ್ತಾಳೆ, ನಾನು ತಲೆ ಮುಟ್ಟಿ ಹರಸುತ್ತೇನೆ. ಪ್ರತಿ ಸಲವೂ ನನ್ನ ಕೈ ಒಂದು ಕ್ಷಣ ಭಾರವಾಗುತ್ತದೆ. ಅದಕ್ಕೇ ಪೂಜೆಯ ನಂತರದ ಊಟವನ್ನು ಎಂದೂ ತಪ್ಪಿಸುವುದಿಲ್ಲ. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಒಣಮೀನಿನ ಚಟ್ನಿ. ಆ ಪಂಕ್ತಿಯಲ್ಲಿ ಯಾರೂ ಕೈ ಮಡಚಿ ಕೂರಬೇಕಾಗಿಲ್ಲ.

ಆ ಸಿದ್ದಿ ಹುಡುಗ ಈಗ ಊಟ ಬಡಿಸುತ್ತಾನೆ. ಕಳೆದ ಕ್ರಿಸ್ಮಸ್‌ಗೆ ಊರಿನಿಂದ ಸಿದ್ದಿಗಳ ಡೋಲು ಡಮಾಮಿ ತಂದು ಬಾರಿಸಿದ. ಅವನ ತಾಯಿಯೂ ಬಂದಿದ್ದರು. ನನ್ನ ಕೈ ಹಿಡಿದು ಅವರ ಕೊಂಕಣಿಯಲ್ಲಿ ಏನೋ ಹೇಳಿದರು, ಅರ್ಧದಷ್ಟೇ ತಿಳಿಯಿತು. ಉಳಿದ ಅರ್ಧವನ್ನು ಅವನು ಎಲ್ಲರ ಮುಂದೆ, ಗಟ್ಟಿ ದನಿಯಲ್ಲಿ, ಕನ್ನಡದಲ್ಲಿ ತಿಳಿಸಿದ.

ನಿಮ್ಮ ಮಗನೋ ಮಗಳೋ ಈ ವರ್ಷ ಕಾರವಾರಕ್ಕೆ ಓದಲು ಬರುತ್ತಿದ್ದರೆ ಭಾನುವಾರ ಜಗಲಿಗೆ ಕಳುಹಿಸಿ. ಯಾವ ಸಭೆ, ಯಾವ ಭಾಷೆ ಎಂದು ನಾವು ಕೇಳುವುದಿಲ್ಲ. ಊಟ ಮಾಡಿಯೇ ಹೋಗಬೇಕು ಎಂದಷ್ಟೇ ಹೇಳುತ್ತೇವೆ.