ಗಾಳಿ ತೊಳೆಯುವ ಗಿಡ, ಮುಚ್ಚಿದ ಕಿಟಕಿ

ಶಿರಸಿ ಪೇಟೆಯ ಹೊಸ ತಾರಸಿ ಮನೆಗಳಿಗೆ ಈಗ ಗಣಪತಿಯ ಪಟಕ್ಕಿಂತ ಮೊದಲು ಬರುವುದು ಅರೆಕಾ ಪಾಮ್. ಹಿತ್ತಿಲ ಬಾಗಿಲು ತೆರೆದರೆ ಕೂಗಳತೆಯಲ್ಲೇ ಅಡಿಕೆ ತೋಟ. ಆದರೂ ಮಡಗಾಸ್ಕರ್ ಮೂಲದ ಈ ದೂರದ ದಾಯಾದಿಯನ್ನು ಬೆಂಗಳೂರಿನಿಂದ ಕೊರಿಯರ್‌ನಲ್ಲಿ ತರಿಸಿ ಟಿವಿಯ ಪಕ್ಕ ನಿಲ್ಲಿಸುತ್ತಾರೆ. ಕುಂಡಕ್ಕೆ ‘ಗಾಳಿ ಶುದ್ಧ ಮಾಡುತ್ತದೆ’ ಎಂಬ ಚೀಟಿ. ಅದನ್ನು ಯಾರೂ ಕಿತ್ತೊಗೆಯುವುದಿಲ್ಲ. ಬಂದ ನೆಂಟರು ಓದಬೇಕಲ್ಲ!

ಗಿಡ ದುಡಿಯಲಿ ಎಂದು ಕಿಟಕಿ ಮುಚ್ಚುತ್ತಾರೆ. ಕುಂಡದಡಿಯ ತಟ್ಟೆಯಲ್ಲಿ ನೀರು ನಿಲ್ಲುತ್ತದೆ, ನೀರಿನಲ್ಲಿ ಸೊಳ್ಳೆಮರಿಗಳು ಲಾಗ ಹಾಕುತ್ತವೆ. ಸೊಳ್ಳೆಗೆಂದು ಬತ್ತಿ ಹಚ್ಚುತ್ತಾರೆ. ಬತ್ತಿಯ ಹೊಗೆಗೆ ಕೆಮ್ಮು ಹತ್ತಿದಾಗ ಯಜಮಾನರು ಗಂಭೀರವಾಗಿ ಹೇಳುತ್ತಾರೆ: ‘ಒಂದು ಗಿಡ ಸಾಲುವುದಿಲ್ಲ ಮಾರಾಯರೇ, ಸ್ನೇಕ್ ಪ್ಲಾಂಟನ್ನೂ ತರಿಸಬೇಕು.’

ಇದಕ್ಕೆಲ್ಲ ನಾಸಾದ ಆಣೆ ಬೇರೆ. 1989ರಲ್ಲಿ ನಾಸಾ ಪರೀಕ್ಷೆ ಮಾಡಿದ್ದು ನಿಜ, ಗಿಡಗಳಿದ್ದಾಗ ಬೆಂಜೀನ್, ಫಾರ್ಮಾಲ್ಡಿಹೈಡ್‌ನಂಥ ವಿಷಾನಿಲಗಳು ತಗ್ಗಿದ್ದೂ ನಿಜ. ಆದರೆ ಗಿಡ ಇಟ್ಟದ್ದು ಗಾಳಿಯಾಡದಂತೆ ಬಿಗಿದ ಪುಟ್ಟ ಪೆಟ್ಟಿಗೆಯೊಳಗೆ, ಅದೂ ಅಂತರಿಕ್ಷದಲ್ಲಿ ಮನುಷ್ಯ ವಾಸಿಸುವ ಕಾಲಕ್ಕೆ ಬೇಕಾದೀತೆಂದು. ಅಲ್ಲಿ ಕಿಟಕಿ ತೆರೆಯುವಂತಿಲ್ಲ. ಶಿರಸಿಯಲ್ಲಿ ತೆರೆಯಬಹುದು ಎಂದು ನನ್ನ ತಿಳಿವಳಿಕೆ.

2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು ಹಳೆಯ ಪ್ರಯೋಗಗಳನ್ನೆಲ್ಲ ಜಾಲಾಡಿ ಲೆಕ್ಕ ಕೊಟ್ಟರು: ಕಟ್ಟಡದೊಳಗೆ ತಾನಾಗಿ ಬಂದುಹೋಗುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳೇ ಮಾಡಬೇಕಾದರೆ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು.

ಈ ಲೆಕ್ಕ ನಮ್ಮ ಕಚೇರಿಗಳಿಗೆ ಇನ್ನೂ ‘ಸ್ವೀಕೃತ’ವಾಗಿಲ್ಲ. 1983ರಲ್ಲಿ ಸಾಲ್ಕಣಿಯ ಜನ ಕಡಿಯಬಾರದೆಂದು ಮರಗಳನ್ನು ಅಪ್ಪಿಕೊಂಡು ನಿಂತ ತಾಲೂಕಿದು. ಇಲ್ಲೀಗ ಅಂಗಳದ ಮರ ಕಡಿದು ಕಾರಿಗೆ ಜಾಗ ಮಾಡಿ, ಒಳಗೆ ಮೇಜಿಗೊಂದು ಮನಿ ಪ್ಲಾಂಟ್ ಇಟ್ಟು ಫೋಟೊ ತೆಗೆಸಿಕೊಂಡರೆ ಪರಿಸರ ದಿನಾಚರಣೆ ಮುಗಿಯಿತು. ಅಂಗೈಯಗಲದ ಕುಂಡ, ಅಪ್ಪಿಕೊಳ್ಳಲೂ ಸುಲಭ.

ಲೆಕ್ಕದ ಪ್ರಕಾರವೇ ನಡೆಯುವುದಾದರೆ ಸಾಹೇಬರ ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಗೆ ಕಡಿಮೆಯೆಂದರೂ 93 ಗಿಡ. ಒಂಬತ್ತಡಿಗೊಂದು ಅಡಿಕೆ ಸಸಿ ನೆಡುವ ಊರಿಗೆ ಇದು ಎಂಥ ಒತ್ತೊತ್ತು ಎಂದು ಬಿಡಿಸಿ ಹೇಳಬೇಕಿಲ್ಲ. ಅರ್ಜಿ ಹಿಡಿದು ಬಂದವರು ಸೋಗೆ ಸರಿಸಿ ಸಾಹೇಬರನ್ನು ಹುಡುಕಬೇಕು. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಗೊನೆಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಲು, ಅಡಿಕೆ ಮರವೇರಿ ಗೊನೆ ಇಳಿಸುವ ಕೊನೆಗೌಡನ ಹುದ್ದೆಯೊಂದನ್ನು ಮಂಜೂರು ಮಾಡಿಸಬೇಕು. ತೋಟಕ್ಕೇ ಸಿಗದ ಕೊನೆಗೌಡ ಕಚೇರಿಗೆ ಸಿಗುತ್ತಾನೆಯೇ? ಪಿಂಚಣಿ ಇದೆ ಎಂದರೆ ಬಂದರೂ ಬಂದಾನು.