ದೊಡ್ಡಮ್ಮ ಲೆಕ್ಕ ಇಟ್ಟೇ ಕೊಡುತ್ತಿದ್ದರು

ಕಳೆದ ಭಾನುವಾರ ಡೊಂಬಿವಲಿಯಲ್ಲಿ ದೊಡ್ಡಮ್ಮನ ಉತ್ತರಕ್ರಿಯೆ ಮುಗಿಯಿತು. ಊಟಕ್ಕೆ ಮೊದಲು ನಾಲ್ಕೈದು ಜನ ಮಾತಾಡಿದರು. ತ್ಯಾಗಮಯಿ ಎಂದರು. ಹಿಂದೆ ಮುಂದೆ ನೋಡದೆ ಕೊಟ್ಟ ಕೈ ಎಂದರು. ಪ್ರೀತಿಯಿಂದಲೇ ಹೇಳಿದ್ದು. ಆದರೂ ಎದ್ದು ನಿಂತು 'ಹಾಗಲ್ಲ' ಅನ್ನಬೇಕು ಅನಿಸಿತು. ಗಂಟಲು ಕಟ್ಟಿತ್ತು, ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ದೊಡ್ಡಮ್ಮ ಹಿಂದೆ ಮುಂದೆ ಚೆನ್ನಾಗಿ ನೋಡಿಯೇ ಕೊಡುತ್ತಿದ್ದರು. ಅವರು ಗಣಿತದ ಟೀಚರ್.

ಹಗಲು ಮುಂಬೈಯ ಬಟ್ಟೆ ಗಿರಣಿಗಳ ಕಡೆ ಮುನಿಸಿಪಾಲಿಟಿಯ ಕನ್ನಡ ಶಾಲೆ. ಸಂಜೆ ಫೋರ್ಟ್‌ನಲ್ಲಿ ರಾತ್ರಿ ಶಾಲೆ. ಅಲ್ಲಿಗೆ ಬರುತ್ತಿದ್ದವರು ಹೋಟೆಲ್ ಹುಡುಗರು. ಬೆಳಿಗ್ಗೆ ಐದಕ್ಕೆ ಎದ್ದು ಗ್ಲಾಸು ತೊಳೆದು, ಟೇಬಲ್ ಒರೆಸಿ, ಸಂಜೆ ಒಗೆದ ಅಂಗಿ ಹಾಕಿಕೊಂಡು ಬಂದು ಬೆಂಚಿನ ಮೇಲೆ ಕೂತ ಕೂಡಲೇ ತೂಕಡಿಸುವವರು. ದೊಡ್ಡಮ್ಮ ಅವರನ್ನು ಎಬ್ಬಿಸುತ್ತಿರಲಿಲ್ಲ. ಮೊದಲ ಹತ್ತು ನಿಮಿಷ ಸುಮ್ನೆ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದರು. ಆಮೇಲೆ ಪಾಠ.

ಭಿನ್ನರಾಶಿ ಕಲಿಸಿದ್ದು ಚಹಾದಲ್ಲಿ. "ಕಟಿಂಗ್ ಅಂದರೆ ಎಷ್ಟು?" "ಅರ್ಧ, ಟೀಚರ್." "ಆ ಕಟಿಂಗನ್ನು ಇಬ್ಬರು ಕುಡಿದರೆ?" ಇಡೀ ದಿನ ಚಹಾ ಕೊಟ್ಟು ಬಂದ ಹುಡುಗರಿಗೆ ಕಾಲು ಅಂದರೇನು ಅಂತ ಬೇರೆ ಹೇಳಬೇಕಾ?

ಬಡ್ಡಿ ಲೆಕ್ಕ ಕಲಿಸಿದ್ದು ಅವರದೇ ಸಂಬಳದಲ್ಲಿ. ಆಗ ಎಷ್ಟೋ ಹುಡುಗರ ಸಂಬಳ ಮಾಲೀಕರ ಹತ್ತಿರವೇ ಇರುತ್ತಿತ್ತು, ಊರಿಗೆ ಹೋಗುವಾಗ ಒಟ್ಟಿಗೆ ಕೊಡುವುದು. ಪ್ರತಿಯೊಬ್ಬನೂ ತಿಂಗಳ ಸಂಬಳ, ಮಧ್ಯೆ ತೆಗೆದುಕೊಂಡ ಅಡ್ವಾನ್ಸು, ಉಳಿದದ್ದು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಅದೇ ಹೋಮ್‌ವರ್ಕ್. ಒಮ್ಮೆ ಒಬ್ಬ ಹುಡುಗನಿಗೆ ಎರಡು ವರ್ಷದ ದುಡಿಮೆಯಲ್ಲಿ ಏಳು ತಿಂಗಳ ಸಂಬಳ ಕಡಿಮೆ ಬಂತು. ದೊಡ್ಡಮ್ಮ ಅವನ ನೋಟ್‌ಬುಕ್ ಹಿಡಿದು ಆ ಹೋಟೆಲಿನ ಗಲ್ಲಾಪೆಟ್ಟಿಗೆಯ ಎದುರು ಹೋಗಿ ನಿಂತರು. ಜಗಳ ಆಡಲಿಲ್ಲ. ಒಂದೊಂದೇ ತಿಂಗಳು ಓದಿದರು. ಗಿರಾಕಿಗಳೆಲ್ಲ ಕೇಳುತ್ತಿದ್ದರು. ಹಣ ಅಂದೇ ಬಂತು. ಮರುದಿನ ಆ ಹುಡುಗನನ್ನು ಪೋಸ್ಟ್ ಆಫೀಸಿಗೆ ಕರೆದುಕೊಂಡು ಹೋಗಿ ಪಾಸ್‌ಬುಕ್ ಮಾಡಿಸಿದರು.

1982ರ ಜನವರಿ 18ಕ್ಕೆ ಗಿರಣಿ ಮುಷ್ಕರ ಶುರುವಾಯಿತು. ಸುಮಾರು 2.5 ಲಕ್ಷ ಕಾರ್ಮಿಕರು. ತಿಂಗಳುಗಳು ಕಳೆದ ಹಾಗೆ ಹಗಲಿನ ಶಾಲೆಯ ಬೆಂಚುಗಳು ಖಾಲಿಯಾದವು. ಸಂಬಳ ಇಲ್ಲದ ಅಪ್ಪಂದಿರು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸುತ್ತಿದ್ದರು, ಶಾಲೆಗೆ ಹೇಳದೆಯೇ. ದೊಡ್ಡಮ್ಮ ಚಾಳ್‌ಗಳ ಮೆಟ್ಟಿಲು ಹತ್ತಿ ಒಂದೊಂದೇ ಮನೆಗೆ ಹೋದರು. ಹೋಗಬೇಡಿ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಶಾಲೆ ಬಿಡುವಾಗ ಕೊಡುವ ಲೀವಿಂಗ್ ಸರ್ಟಿಫಿಕೇಟ್ ಮಾಡಿಸಿ ತಂದು ತಾಯಂದಿರ ಕೈಯಲ್ಲಿಟ್ಟು ಹೇಳುತ್ತಿದ್ದರು, "ಅಕ್ಕಿ ಚೀಲ ಮರೆತರೂ ಇದನ್ನು ಮರೆಯಬೇಡ. ಇದಿಲ್ಲದಿದ್ದರೆ ಊರಿನ ಶಾಲೆಯಲ್ಲಿ ಮಗುವಿಗೆ ಒಂದು ವರ್ಷ ಹೋಗುತ್ತದೆ." ನನ್ನ ಮಟ್ಟಿಗೆ ಅವರು ಕೊಟ್ಟದ್ದರಲ್ಲೆಲ್ಲ ದೊಡ್ಡದು ಆ ಕಾಗದ.

ಇನ್ನು ಮನೆ. ಎರಡೇ ಕೋಣೆ. 1998ರಲ್ಲಿ ಕೊಂಕಣ ರೈಲು ಊರಿನವರೆಗೆ ಬರುವ ಮೊದಲು, ರಾತ್ರಿ ಹಗಲು ಬಸ್ಸಿನಲ್ಲಿ ಕೂತು ಬಂದವರೆಲ್ಲ ಇಳಿಯುತ್ತಿದ್ದದ್ದು ಅಲ್ಲೇ. ಕೆಲಸ ಹುಡುಕುವವರು, ಆಸ್ಪತ್ರೆಗೆ ಬಂದವರು, ನಾನು. ಹಾಸಿಗೆ ಸಾಲದೆ ಹೋಗಬಹುದು, ಕುಚ್ಚಲಕ್ಕಿ ಗಂಜಿ ಸಾಲದೆ ಹೋದದ್ದಿಲ್ಲ. ಆ ಗಂಜಿ ಬೇಯಿಸುತ್ತಿದ್ದವರು ದೊಡ್ಡಪ್ಪ. ಸಂಜೆಯ ಅಡುಗೆ ಪೂರ್ತಿ ಅವರದು. ಅರವತ್ತು ಎಪ್ಪತ್ತರ ದಶಕದಲ್ಲಿ ನೆಂಟರ ಎದುರು ಗಂಡಸು ಸೌಟು ಹಿಡಿಯುವುದು ಸುಲಭ ಇರಲಿಲ್ಲ, ಅಲ್ವಾ? ರಾತ್ರಿ ಶಾಲೆ ನಡೆದದ್ದು ಅವರಿಂದಲೂ ಹೌದು. ಮೊನ್ನೆ ಯಾರೂ ಅವರ ಹೆಸರು ಎತ್ತಲಿಲ್ಲ.

ಅಕ್ಕನ ಮಾತೂ ಇಲ್ಲಿರಬೇಕು. "ಎಲ್ಲರಿಗೂ ಸಿಕ್ಕ ಅಮ್ಮ ನನಗೆ ಕಡಿಮೆ ಸಿಕ್ಕಿದರು" ಎಂದು ಮೊನ್ನೆ ಅತ್ತಳು. ಅದು ನಿಜ. ದೊಡ್ಡಮ್ಮನಿಗೂ ಗೊತ್ತಿತ್ತು. ಭಾನುವಾರ ಮಧ್ಯಾಹ್ನ ನಮ್ಮನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಹಾಕಿ, ಅಕ್ಕನ ತಲೆಗೆ ಎಣ್ಣೆ ಹಚ್ಚುತ್ತಿದ್ದರು. ಆ ಹೊತ್ತಿನಲ್ಲಿ ಯಾರು ಬಂದು ಬಡಿದರೂ ಬಾಗಿಲು ತೆರೆಯುತ್ತಿರಲಿಲ್ಲ.

ಅವರು ಯಾರಿಗೂ ದಾನ ಅಂತ ಕೊಟ್ಟವರಲ್ಲ. ಭಿಶಿ ಅಂದರೆ ಚೀಟಿ, ಎಲ್ಲರೂ ತಿಂಗಳು ತಿಂಗಳು ಹಣ ಹಾಕಿ ಒಬ್ಬೊಬ್ಬರು ಒಂದೊಂದು ತಿಂಗಳ ಒಟ್ಟು ಹಣ ತೆಗೆದುಕೊಳ್ಳುವುದು. ಹೆಂಗಸರ ಭಿಶಿಯಲ್ಲಿ ಪ್ರತಿ ವರ್ಷ ಜೂನ್ ತಿಂಗಳ ಹಣವೇ ಬೇಕೆಂದು ಮೊದಲೇ ಹೇಳಿಡುತ್ತಿದ್ದರು. ಶಾಲೆ ಶುರುವಾಗುವುದು ಜೂನ್‌ನಲ್ಲಿ. ಫೀಸು, ಪುಸ್ತಕ, ಮಳೆಗಾಲದ ಚಪ್ಪಲಿ ಎಲ್ಲ ಅದರಲ್ಲೇ. ಕೊಡುವಾಗ "ಸಾಲ" ಎಂದೇ ಕೊಡುತ್ತಿದ್ದರು. ನನಗೂ ಹಾಗೇ ಕೊಟ್ಟರು. ಕಂತು ಕಟ್ಟುವಾಗ ನಾನು ತಲೆ ಎತ್ತಿ ಅವರ ಮುಖ ನೋಡಬಹುದಿತ್ತು. ಇಪ್ಪತ್ತು ವರ್ಷದ ನನಗೆ ಅದು ಎಷ್ಟು ದೊಡ್ಡದಾಗಿತ್ತು ಅಂತ ಈಗ ಅರ್ಥವಾಗುತ್ತಿದೆ.

ಮುಂಬೈಯಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಕಡಿಮೆಯಾಗಿದ್ದಾರೆ, ಆದರೆ ಇನ್ನೂ ಇದ್ದಾರೆ. ಅವರ ಕನ್ನಡ ಪಠ್ಯಪುಸ್ತಕ ಈಗಲೂ ಪುಣೆಯ ಬಾಲಭಾರತಿ ಎಂಬ ಸರಕಾರಿ ಪಠ್ಯಪುಸ್ತಕ ಸಂಸ್ಥೆಯಿಂದ ಬರುತ್ತದೆ. ಅಕ್ಕ, ನಾನು, ದೊಡ್ಡಮ್ಮನ ಹಳೆಯ ವಿದ್ಯಾರ್ಥಿಗಳು ಸೇರಿ ಒಟ್ಟು ಹನ್ನೊಂದು ಜನ ಭಿಶಿ ಶುರು ಮಾಡಿದ್ದೇವೆ. ಜೂನ್ ತಿಂಗಳ ಹಣ ಮಕ್ಕಳದು. ಹನ್ನೆರಡನೆಯವರು ಬೇಕು. ದೊಡ್ಡಮ್ಮನ ಹತ್ತಿರ ಫೋರ್ಟ್‌ನಲ್ಲಿ ಓದಿದ ಯಾರಾದರೂ ಇದನ್ನು ನೋಡಿದರೆ ನನಗೆ ಮೆಸೇಜ್ ಮಾಡಿ.