ಐಎಸ್‌ಎಲ್ ಕಪ್ ಗೆದ್ದ ಕೋಚ್ ರೋಕಾ ಅಲ್ಲ, ಕ್ವಾಡ್ರಾಟ್

ನಮ್ಮ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿಯ ಶ್ರೇಷ್ಠ ಕೋಚ್‌ಗಳ ಪಟ್ಟಿಯೊಂದು ಓಡಾಡುತ್ತಿದೆ. ಅದರಲ್ಲಿ 'ಐಎಸ್‌ಎಲ್ ಗೆಲ್ಲಿಸಿದ ಆಲ್ಬರ್ಟ್ ರೋಕಾ' ಅಂತ ಇದೆ (ಐಎಸ್‌ಎಲ್ ಅಂದರೆ ಇಂಡಿಯನ್ ಸೂಪರ್ ಲೀಗ್). ಆ ಸಾಲು ಬರೆದದ್ದು ನಾನೇ. ಅದು ತಪ್ಪು, ಕ್ಷಮಿಸಿ.

ರೋಕಾ ಇದ್ದಾಗ ನಾವು ಫೈನಲ್ ತಲುಪಿದ್ದು ನಿಜ. ಆದರೆ 2018ರ ಮಾರ್ಚ್ 17ರಂದು ನಮ್ಮ ಕಂಠೀರವದಲ್ಲೇ ಚೆನ್ನೈಯಿನ್ ವಿರುದ್ಧ 2-3ರಿಂದ ಸೋತೆವು. ಕಪ್ ಬಂದದ್ದು ಸರಿಯಾಗಿ ಒಂದು ವರ್ಷದ ನಂತರ, 2019ರ ಮಾರ್ಚ್ 17ಕ್ಕೆ, ಮುಂಬೈಯಲ್ಲಿ. ಆಗ ಕೋಚ್ ಕಾರ್ಲೆಸ್ ಕ್ವಾಡ್ರಾಟ್. ಗೋವಾ ವಿರುದ್ಧ ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂದಿತ್ತು. ಡಿಮಾಸ್ ಕಾರ್ನರ್ ಒದ್ದರು, ರಾಹುಲ್ ಭೆಕೆ ತಲೆ ಕೊಟ್ಟರು, 1-0. ಎರಡೂ ಫೈನಲ್ ಒಂದೇ ತಾರೀಖಿಗೆ ಬಿದ್ದದ್ದಕ್ಕೆ ನನಗೆ ಗೊಂದಲವಾಯಿತು.

ಇದರಿಂದ ರೋಕಾ ಚಿಕ್ಕವರಾಗಲ್ಲ. 2016ರಲ್ಲಿ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್ ಫೈನಲ್‌ಗೆ ಹೋದ ಮೊದಲ ಭಾರತೀಯ ಕ್ಲಬ್ ನಮ್ಮದು, ಅವರ ಕೈಕೆಳಗೇ. ನನ್ನ ಪಟ್ಟಿಯಲ್ಲಿ ಈಗಲೂ ಅವರೇ ಮೊದಲು.

ಹಳೇ ಮೆಸೇಜ್ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಕಳಿಸಿದ್ದರೆ ಇದನ್ನೂ ಅಲ್ಲಿಗೇ ಕಳಿಸಿ.